ಏಣಿ ಹತ್ತಿ ಬರುವವನು

"ಗರ್ದನ್ ಇನ್ನೂ ಸ್ವಲ್ಪ ಬಗ್ಗಿಸಿ ಸಾಬ್. ನಗ್ಬೇಕು, ಆದ್ರೆ ಹಲ್ಲು ಕಾಣ್ಬಾರ್ದು," ಎಂದ ಅಹ್ಮದ್ ಪಾಷಾ.

ಸಿದ್ಧಲಿಂಗೇಶ ಹಲ್ಲು ಕಾಣದಂತೆ ನಕ್ಕ. ನಲವತ್ತರ ಹತ್ತಿರ ಬಂದ ಗಂಡಸೊಬ್ಬ ಶನಿವಾರದ ದಿನ, ಶಿವಾಜಿನಗರ ಬಸ್ ನಿಲ್ದಾಣದ ಹಿಂದಿನ ಗಲ್ಲಿಯ ಮಹಡಿಯ ಮೇಲೆ, ಕುರ್ಚಿಯ ಬೆನ್ನನ್ನೇ ಏಣಿಯೆಂದು ಹಿಡಿದುಕೊಂಡು ದೆವ್ವದ ನಗೆ ನಗುತ್ತ ನಿಲ್ಲುವುದಕ್ಕೆ ಸಂಬಳ ಪಡೆಯುತ್ತಿದ್ದಾನೆ ಎಂದು ನೆನೆದ ಕೂಡಲೇ ಆ ನಗೆ ತಾನಾಗಿಯೇ ಸರಿಹೋಯಿತು. "ಬಸ್, ಹಂಗೇ ಇರಿ," ಎಂದು ಪಾಷಾ ಕುಂಚ ಅದ್ದಿದ. ಕೆಳಗೆ ಕಂಡಕ್ಟರುಗಳು ಕೆ.ಆರ್. ಪುರ, ಕೆ.ಆರ್. ಪುರ ಎಂದು ಕೂಗುತ್ತಿದ್ದರು. ಕತ್ತು ನೋಯುತ್ತಿತ್ತು. ನಗೆಯನ್ನು ಹೆಚ್ಚು ಹೊತ್ತು ಹಿಡಿದರೆ ಅದು ಮುಖದ ಮೇಲೆ ಒಣಗಿ ಅಂಟಿಕೊಳ್ಳುತ್ತದೆಂಬುದು ಅವನಿಗೆ ಹೊಸ ವಿಷಯವಲ್ಲ. ಮದುವೆಮನೆಗಳಲ್ಲಿ, ಮಾಲೀಕರ ಎದುರಿಗೆ, ಬಾಡಿಗೆಮನೆಯ ಯಜಮಾನನ ಎದುರಿಗೆ ಅವನು ಇದನ್ನೇ ಮಾಡಿಕೊಂಡು ಬಂದಿದ್ದಾನೆ. ಇಂದು ಅದನ್ನು ಬಣ್ಣದಲ್ಲಿ ತೆಗೆಯುತ್ತಿದ್ದಾರೆ, ಅಷ್ಟೇ ವ್ಯತ್ಯಾಸ.

ಪಾಷಾನಿಗೆ ಕನ್ನಡ ಓದಲು ಬರುವುದಿಲ್ಲ. ಶಿವಾಜಿನಗರದಲ್ಲೇ ಹುಟ್ಟಿ ಬೆಳೆದವನು. ಮನೆಯಲ್ಲಿ ಉರ್ದು, ತರಕಾರಿಯವಳ ಜೊತೆ ತಮಿಳು, ಕೆಲಸದಲ್ಲಿ ಕನ್ನಡ, ಬಾಯಿಗೆ ಎಲ್ಲವೂ ಬರುತ್ತದೆ, ಕಣ್ಣಿಗೆ ಮಾತ್ರ ಉರ್ದು ಅಕ್ಷರ. ಆದ್ದರಿಂದ ಈ ಮಕ್ಕಳ ವಾರಪತ್ರಿಕೆಗೆ ಚಿತ್ರಕತೆ ಬರೆಯುವುದೆಂದರೆ ಬರೆಯುವುದಲ್ಲ, ಹೇಳುವುದು. ಓಡಬೇಕಾದಲ್ಲಿ ಸಿದ್ಧಲಿಂಗೇಶ ಕೋಣೆಯಲ್ಲೇ ಓಡಬೇಕು, ಬೀಳಬೇಕಾದಲ್ಲಿ ಬೀಳಬೇಕು, ಅಳಬೇಕಾದಲ್ಲಿ ಮುಖ ಕಿವುಚಿ ತೋರಿಸಬೇಕು; ಪಾಷಾ ಅದನ್ನು ನೋಡಿಕೊಂಡು ಪೆನ್ಸಿಲ್ ಓಡಿಸುತ್ತಾನೆ. ಸಿಡಿಲಣ್ಣನ ಕಾಲದಲ್ಲಿ ಇದು ಸುಖದ ಕೆಲಸವಾಗಿತ್ತು. ಎದೆ ಉಬ್ಬಿಸಿ ಮೇಜಿನ ಮೇಲೆ ಹತ್ತಿ ನಿಂತರೆ ಅರ್ಧ ಕತೆ ಮುಗಿದ ಹಾಗೆ. ಕರಿಕಂಬಳಿ ಹೊದ್ದು ಬರಿಗಾಲಲ್ಲಿ ಮೋಡದಿಂದ ಇಳಿಯುವ ಸಿಡಿಲಣ್ಣ. ಕಷ್ಟದಲ್ಲಿರುವ ಮಗು ಎತ್ತರದ ಜಾಗ ಹತ್ತಿ ತನ್ನ ಊಟದ ತಟ್ಟೆ ಬಡಿದರೆ ಸಾಕು, ಬಂದನೆಂದೇ ಲೆಕ್ಕ. ಒಂದು ಕಾಲದಲ್ಲಿ ಬೀದರಿನಿಂದ ಚಾಮರಾಜನಗರದವರೆಗೆ ಮಕ್ಕಳು ತಟ್ಟೆ ಬಡಿದು ನೆಗ್ಗಿಸಿ, ತಾಯಂದಿರು ಪತ್ರಿಕೆಯ ಕಚೇರಿಗೆ ಬೈದು ಬರೆಯುತ್ತಿದ್ದರು. ಸಿದ್ಧಲಿಂಗೇಶ ಆ ಬೈಗುಳಗಳನ್ನು ಹೆಂಡತಿ ರಾಜೇಶ್ವರಿಗೆ ಓದಿ ಹೇಳಿ ನಗಿಸುತ್ತಿದ್ದ. ಅವಳು ನಗುವಾಗ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಯಾವಾಗ ನಿಲ್ಲಿಸಿದಳೋ ಅವನಿಗೆ ಗೊತ್ತಾಗಲಿಲ್ಲ.

"ಈಗಿನ ಮಕ್ಳಿಗೆ ದಿನವೆಲ್ಲಾ ಕಾರ್ಟೂನ್ ಬರುತ್ತೆ ಕಣ್ರೀ. ನಿಮ್ಮ ಕಂಬಳಿ ಯಾರಿಗೆ ಬೇಕು?" ಎಂದಿದ್ದರು ಮಾಲೀಕರಾದ ವೆಂಕಟಸ್ವಾಮಿ. "ಹೆದರ್ಸಿ. ದೀಪಾವಳಿ ಸಂಚಿಕೆಗೆ ಸಿಡಿಲಣ್ಣನ್ನ ಹಾರರ್ ಮಾಡ್ಬಿಡಿ." ಸಿಡಿಲಣ್ಣ ಕೆಟ್ಟವನಾಗುವುದು ಬೇಡ ಸಾರ್ ಎಂದು ಸಿದ್ಧಲಿಂಗೇಶ ಗೊಣಗಿದ. "ಕೆಟ್ಟವನಾಗೋದು ಬೇಡ ಅಂದ್ರೆ ಇರೋದೇ ಬೇಡ. ಕಾಣೆಯಾಗ್ಲಿ. ಅವನ ಜಾಗಕ್ಕೆ ಇನ್ನೇನೋ ಬರ್ಲಿ. ಆಗುತ್ತೇನ್ರೀ?" ಆಯ್ತು ಸಾರ್, ಎಂದಿದ್ದ ಸಿದ್ಧಲಿಂಗೇಶ. ಅವನ ಬಾಯಲ್ಲಿ ಈ ಆಯ್ತು ಎಂಬುದು ಬಾಗಿಲ ಹತ್ತಿರವೇ ಬಿಟ್ಟ ಚಪ್ಪಲಿಯ ಹಾಗೆ, ಯಾವಾಗಲೂ ಸಿದ್ಧ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ರಾಜೇಶ್ವರಿ ಊರಿಗೆ ಹೊರಟ ದಿನ ಹೇಳಿದ್ದು ಅದನ್ನೇ: "ನಿಮ್ಮ ಆಯ್ತು ಕೇಳಿ ಕೇಳಿ ಸಾಕಾಗ್ಯಾದ್ರಿ. ಒಂದರ ಸಲ ಇಲ್ಲ ಅಂದಿದ್ರ, ಜಗಳಾಡಿ ಆದ್ರೂ ಬದುಕ್ತಿದ್ದೆ." ಅದಕ್ಕೂ ಅವನು ಆಯ್ತು ಎಂದನೇ, ಅಥವಾ ಬರೀ ತಲೆಯಾಡಿಸಿದನೇ? ತಲೆಯಾಡಿಸಿದ್ದೇ ಇರಬೇಕು. ಬಸ್ಸಿಗೆ ಹೊತ್ತಾಗಿತ್ತು.

ಸಿಡಿಲಣ್ಣ ಕಾಣೆಯಾದ ಲೋಕ ಹೇಗಿದ್ದೀತು ಎಂದು ಅವನು ಬೈಯಪ್ಪನಹಳ್ಳಿಯಿಂದ ಬರುವ ಬಸ್ಸಿನಲ್ಲಿ ನಿಂತುಕೊಂಡೇ ಯೋಚಿಸಿದ್ದ. ಮೊದಲು ಹೊಳೆದದ್ದು ಕೋರೆಹಲ್ಲು, ರಕ್ತ, ಸುಟ್ಟ ಕಂಬಳಿ. ಎಲ್ಲ ಬರೀ ನಾಟಕದ ಸಾಮಾನು. ಇಂದಿರಾನಗರದ ಹತ್ತಿರ ಬಸ್ಸು ನಿಂತಾಗ ಥಟ್ಟನೆ ಹೊಳೆಯಿತು: ಹೆದರಿಕೆಯಾಗುವುದು ಅವನು ಕೆಟ್ಟವನಾಗಿ ಬಂದರೆ ಅಲ್ಲ, ಬಾರದೇ ಇದ್ದರೆ. ಮಕ್ಕಳು ತಟ್ಟೆ ಬಡಿಯುತ್ತಲೇ ಇರುತ್ತಾರೆ. ಆಕಾಶ ಸುಮ್ಮನಿರುತ್ತದೆ. ಆಮೇಲೆ ಏಣಿ ಕಿರುಗುಟ್ಟುತ್ತದೆ. ಸಿಡಿಲಣ್ಣ ಮೇಲಿನಿಂದ ಇಳಿಯುತ್ತಿದ್ದ. ಇದು ಕೆಳಗಿನಿಂದ ಹತ್ತಿ ಬರುತ್ತದೆ. ಕೋರೆಹಲ್ಲಿಲ್ಲ, ಕೋಡಿಲ್ಲ. ಕಚೇರಿಯಿಂದ ಮನೆಗೆ ಬಂದ ಯಜಮಾನನ ಹಾಗಿರುತ್ತದೆ, ಅಂಗಿಯ ಕಾಲರು ಸ್ವಲ್ಪ ಕೊಳೆ. ಮಗುವನ್ನು ಮೆತ್ತಗೆ ಮಾತಾಡಿಸುತ್ತದೆ. ಏನು ಕೇಳಿದರೂ ಇಲ್ಲ ಎನ್ನುವುದಿಲ್ಲ. ಹಸಿವು ಎಂದರೆ ಆಯ್ತು ಎನ್ನುತ್ತದೆ, ಅಮ್ಮ ಬೇಕು ಎಂದರೆ ಆಯ್ತು ಎನ್ನುತ್ತದೆ. ನಂಬಿ ಕೈಹಿಡಿದ ಮಗು ಮತ್ತೆ ಯಾರಿಗೂ ಕಾಣುವುದಿಲ್ಲ, ಮೇಲೆ ತಟ್ಟೆಯೊಂದು ಉಳಿದಿರುತ್ತದೆ. ಇದು ಹೊಳೆದಾಗ ಬಸ್ಸಿನ ಕಂಬಿ ಹಿಡಿದುಕೊಂಡು ಸಿದ್ಧಲಿಂಗೇಶ ಪುಳಕಗೊಂಡ, ಇದು ನಿಜ. ಎಷ್ಟೋ ವರ್ಷಗಳ ಮೇಲೆ ಒಂದು ಕತೆ ತಾನಾಗಿ ಬಂದಿತ್ತು. ಎಲ್ಲಿಂದ ಬಂತು ಎಂದು ಅವನು ಕೇಳಿಕೊಳ್ಳಲಿಲ್ಲ. ಬಸ್ಸಿಳಿದು ಒಂದು ಲೋಟ ಟೀ ಹೆಚ್ಚಿಗೆ ಕುಡಿದ.

ಆ ಕತೆ ಹೇಳಿದ ದಿನ ಮಗಳು ಸೃಷ್ಟಿಯ ಶಾಲೆಗೆ ರಜೆ. ಎರಡನೇ ಕ್ಲಾಸಿನ ಹುಡುಗಿಯನ್ನು ಬಾಡಿಗೆಕೋಣೆಯಲ್ಲಿ ಒಬ್ಬಳನ್ನೇ ಬಿಡಲಾಗದೆ ಅವನು ಕಚೇರಿಗೆ ಕರೆತಂದು ಪಾಷಾನ ಮೇಜಿನ ಕೆಳಗೆ ಬಣ್ಣದ ಪೆನ್ಸಿಲ್ ಕೊಟ್ಟು ಕೂಡಿಸಿದ್ದ. ಆಮೇಲೆ ಕತೆ ಶುರುವಾಯಿತು, ಮಗಳು ಮರೆತುಹೋದಳು. ಮರೆತೇ ಹೋದಳು. ಈ ಕೆಲಸದಲ್ಲಿರುವವರಿಗೆ ಮಾತ್ರ ಆಗಬಹುದಾದ ತಪ್ಪು ಅದು. ಕತೆಯನ್ನು ಬರೆಯುವವನಾಗಿದ್ದರೆ ಕಾಗದ ಮಡಿಸಿ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದ, ಹೇಳುವವನು ಕೋಣೆಯ ತುಂಬ ಹರಡುತ್ತಾನೆ. ಜಾಗ ಯಾವುದು ಎಂದು ಪಾಷಾ ಕೇಳಿದಾಗ ತನ್ನ ಮನೆಯ ಕಿಟಕಿಯಿಂದ ದಿನಾ ಕಾಣುವ ನೀರಿನ ಟ್ಯಾಂಕನ್ನೇ ಹೇಳಿದ: ರೈಲು ಹಳಿಯ ಪಕ್ಕದ ಖಾಲಿ ಜಾಗದಲ್ಲಿ, ಯಾವುದೋ ಮುಚ್ಚಿಹೋದ ವರ್ಕ್‌ಶಾಪಿನದು, ನಾಲ್ಕು ಕಂಬದ ಮೇಲೆ ನಿಂತದ್ದು, ತುಕ್ಕು ಹಿಡಿದ ಕಬ್ಬಿಣದ ಏಣಿ, ಮೇಲೆ ಅಡ್ಡಗೋಡೆಯಿಲ್ಲದ ಬರೀ ಚಪ್ಪಡಿ. ಕುರ್ಚಿಯ ಬೆನ್ನು ಹಿಡಿದು ಏಣಿ ಹತ್ತಿ ತೋರಿಸಿದ. ಗಂಟಲಲ್ಲೇ ಕಿರುಗುಟ್ಟಿದ. ತಲೆಯನ್ನಷ್ಟೇ ಮೇಲೆತ್ತಿ, ಹಲ್ಲು ಕಾಣದಂತೆ ನಕ್ಕು, "ಪುಟ್ಟೀ," ಎಂದ. ಪಾಷಾ "ಯಾ ಅಲ್ಲಾ" ಎಂದು ತೋಳು ಉಜ್ಜಿಕೊಂಡ. ಸಿದ್ಧಲಿಂಗೇಶನಿಗೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಬೇಕಿರಲಿಲ್ಲ. ಪೆನ್ಸಿಲ್ ಚಿತ್ರ ಮುಗಿದಾಗ ಸೃಷ್ಟಿ ಮೇಜಿನ ಕೆಳಗಿನಿಂದ ಎದ್ದು ಬಂದು ಹಾಳೆಯನ್ನೇ ನೋಡುತ್ತ ನಿಂತಳು. "ಇದು ಅಪ್ಪನಾ?" "ಹೌದು ಬೇಟಿ, ನಿಮ್ಮಪ್ಪಾನೇ. ನೋಡು, ಮೂಗು ಕರೆಕ್ಟಾಗಿ ಬಂತಾ?" ಎಂದು ಪಾಷಾ ನಕ್ಕ, ಸಿದ್ಧಲಿಂಗೇಶನೂ ನಕ್ಕ. ಅವಳು ನಕ್ಕಳೋ ಇಲ್ಲವೋ ಅವನು ನೋಡಲಿಲ್ಲ.

ಸಂಜೆ ಬಸ್ಸಿನಲ್ಲಿ ಅವಳು ಕಿಟಕಿಗೆ ಅಂಟಿಕೊಂಡು ಕೂತಿದ್ದಳು. "ಅಪ್ಪ, ಸಿಡಿಲಣ್ಣ ಎಲ್ಲಿಗೆ ಹೋದ?" ಹಲಸೂರಿನ ಜನಜಂಗುಳಿಯಲ್ಲಿ ಬಸ್ಸು ಸಿಕ್ಕಿಕೊಂಡಿತ್ತು, ಅವನ ಮನಸ್ಸು ಮುಂದಿನ ಪುಟದಲ್ಲಿತ್ತು. "ಊರಿಗೆ ಹೋಗಿರ್ಬೇಕು ಪುಟ್ಟಿ." "ಅಮ್ಮನ ಥರಾನಾ?" "ಹೂಂ." "ಮತ್ತೆ ಬರ್ತಾನಾ?" "ಬರ್ತಾನೆ, ಬರ್ತಾನೆ. ಆಯ್ತಾ?" ಇದನ್ನು ಅವನು ಈಗ, ಕುರ್ಚಿಯ ಬೆನ್ನು ಹಿಡಿದು ನಿಂತಿರುವಾಗ, ಕತ್ತಿನ ನೋವಿನ ನಡುವೆ ನೆನೆಸಿಕೊಂಡ. ಏನೋ ಒಂದು ಚುಚ್ಚಿತು. ಚುಚ್ಚಿದ್ದನ್ನು ಪಕ್ಕಕ್ಕೆ ಸರಿಸಿದ, ಯಾಕೆಂದರೆ ಪಾಷಾ ಕಣ್ಣಿಗೆ ಬಣ್ಣ ಹಾಕುತ್ತಿದ್ದ.

"ನಿಮಗೇ ಕಣ್ರೀ ಫೋನು. ಯಾರೋ ಹೆಂಗಸು," ಎಂದು ವೆಂಕಟಸ್ವಾಮಿ ತಮ್ಮ ಮೇಜಿನಿಂದ ರಿಸೀವರನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. ರಾಜೇಶ್ವರಿ! ಅವನು ಕುರ್ಚಿಯ ಬೆನ್ನು ಬಿಟ್ಟು ಹೋಗಿ ರಿಸೀವರನ್ನು ಕಿತ್ತುಕೊಂಡ. ಆದರೆ ಅದು ಪಕ್ಕದ ಕೋಣೆಯ ಜಟ್ಟೆಮ್ಮ. ಯಾದಗಿರಿ ಕಡೆಯವಳು, ಗಂಡ ಗಾರೆ ಕೆಲಸಕ್ಕೆ ಹೋಗುತ್ತಾನೆ, ಶಾಲೆ ಬಿಟ್ಟ ಮೇಲೆ ಸೃಷ್ಟಿಯನ್ನು ನೋಡಿಕೊಳ್ಳುವವಳು ಅವಳೇ. "ಸರ, ನಾ ಜಟ್ಟೆಮ್ಮ ಮಾತಾಡ್ಲಿಕತ್ತೀನ್ರಿ. ಕೂಸು ಅಲ್ಲೇನರ ಬಂದದೇನ್ರಿ?"

"ಇಲ್ಲಲ್ಲ. ಇವತ್ತು ಅರ್ಧ ದಿನ ಸಾಲಿ ಅಲ್ಲೇನು?"

"ಸಾಲಿಲಿಂದ ಬಂದಿತ್ರಿ. ಉಣ್ಣವ್ವಾ ಅಂತ ಅನ್ನ ಹಾಕಿ ಕೊಟ್ಟೆ. ಅನ್ನ ನಾಯಿಗಿ ಹಾಕಿ, ತಾಟು ತೊಳಕೊಂಡು, ಎಲ್ಲಿಗೋ ಹೋಗ್ಯಾದ್ರಿ. ಓಣಿ ತುಂಬ ಹುಡುಕಿದೆ. ತಾಟು ಯಾಕ ಒಯ್ದಾದೋ ನನಗರ ತಿಳೀವಲ್ದು."

"ಮಾಳಗಿ ಮ್ಯಾಲ ನೋಡಿದೇನು?" ಎಂದ ಸಿದ್ಧಲಿಂಗೇಶ. ಕಚೇರಿಯಲ್ಲಿ ಎಂದೂ ಆಡದ ಊರಿನ ಮಾತು ಹೊರಗೆ ಬಂದದ್ದನ್ನು ಕೇಳಿ ವೆಂಕಟಸ್ವಾಮಿ ಮುಗುಳ್ನಕ್ಕರು.

"ಮಾಳಗಿಗಿ ಮಾಲಕರು ಕೀಲಿ ಹಾಕ್ಯಾರಲ್ರಿ." ಆಮೇಲೆ ರೂಪಾಯಿ ನಾಣ್ಯ ಮುಗಿದು ಫೋನು ಕಟ್ಟಾಯಿತು.

ಮಹಡಿಗೆ ಬೀಗ. ಹಾಗಾದರೆ ಎತ್ತರದ ಜಾಗ ಯಾವುದು ಎಂದು ಅವನು ಯೋಚಿಸಬೇಕಾಗಿರಲಿಲ್ಲ. ಪಾಷಾನ ಮೇಜಿನ ಮೇಲೆ ಅದು ಬಣ್ಣ ಹಚ್ಚಿಕೊಂಡು ಒಣಗುತ್ತಿತ್ತು. ನಾಲ್ಕು ಕಂಬ, ಏಣಿ, ಚಪ್ಪಡಿಯ ಮೇಲೆ ತಟ್ಟೆ ಹಿಡಿದ ಮಗು, ಏಣಿಯ ತುದಿಯಲ್ಲಿ ಅವನದೇ ಮುಖ. ಸಿದ್ಧಲಿಂಗೇಶ ರಿಸೀವರನ್ನು ಕೆಳಗಿಟ್ಟ. "ಸಾರ್, ನಾನು ಹೋಗ್ಬೇಕು, ಮಗಳು..." ಎಂದ. "ಹೋಗೋರಂತೆ ಇರ್ರೀ, ಮುಖಪುಟ ಮುಗೀಲಿ. ಸೋಮವಾರ ಪ್ರೆಸ್ಸಿಗೆ ಕೊಡ್ಬೇಕು," ಎಂದರು ವೆಂಕಟಸ್ವಾಮಿ. "ಆಯ್ತು ಸಾರ್," ಎಂದಿತು ಅವನ ಬಾಯಿ. ಕಾಲು ಆಗಲೇ ಮೆಟ್ಟಿಲ ಮೇಲಿತ್ತು. ಹಿಂದಿನಿಂದ ಪಾಷಾ "ಹೋಗಿ ಸಾಬ್, ನಾನು ಹೇಳ್ತೀನಿ ಅವ್ರಿಗೆ," ಎಂದು ಕೂಗಿದ್ದು ಕೇಳಿಸಿತು.

ಆಟೋದವನು ಬೈಯಪ್ಪನಹಳ್ಳಿಗೆ ಬರಲು ಒಪ್ಪುವ ಮೊದಲು ಮೀಟರಿನ ಮೇಲೆ ಎಷ್ಟು ಎಂದು ಚೌಕಾಸಿ ಮಾಡಿದ, ಸಿದ್ಧಲಿಂಗೇಶ ಎಲ್ಲದಕ್ಕೂ ತಲೆಯಾಡಿಸಿದ. ಹಲಸೂರು ಕೆರೆಯ ಏರಿಯ ಮೇಲೆ ಗಾಳಿ ಬಡಿಯಿತು. ಅವಳು ಹತ್ತಿರಲಿಕ್ಕಿಲ್ಲ. ಆ ಏಣಿಯ ಮೊದಲ ಮೆಟ್ಟಿಲೇ ಅವಳ ಎದೆಮಟ್ಟಕ್ಕಿದೆ. ಆದರೆ ಕತೆಯಲ್ಲಿ ಅದಕ್ಕೂ ಅವನೇ ದಾರಿ ಹೇಳಿಕೊಟ್ಟಿದ್ದ; ಪಕ್ಕದಲ್ಲಿ ಬಿದ್ದ ಸಿಮೆಂಟ್ ಪೈಪಿನ ಮೇಲೆ ಹತ್ತಿ ಮಗು ಏಣಿಗೆ ಕೈಹಾಕುತ್ತದೆ ಎಂದು, ಪಾಷಾ ಕೇಳಿದನೆಂದು, ನಂಬುವ ಹಾಗಿರಬೇಕೆಂದು. ಊರಿಗೆ ಉಪಕಾರಿ, ಮನೆಗೆ ಮಾರಿ. ಊರ ಮಕ್ಕಳನ್ನೆಲ್ಲ ಬಾವಿಯಿಂದ, ಬೆಂಕಿಯಿಂದ, ಕಳ್ಳರಿಂದ ವಾರವಾರವೂ ಎತ್ತಿ ತಂದವನು. ಅವನು ಕಣ್ಣುಮುಚ್ಚಿ ಸಿಡಿಲಣ್ಣನನ್ನು ಕರೆದ. ಇದು ಹುಚ್ಚು ಎಂದು ಗೊತ್ತಿತ್ತು, ಆದರೂ ಕರೆದ. ಒಂದೇ ಸಲ, ಆ ಟ್ಯಾಂಕಿನ ಮೇಲೆ, ಕಂಬಳಿ ಬಿಚ್ಚಿಕೊಂಡು ಇಳಿ ಮಾರಾಯ ಎಂದು. ಕಂಬಳಿ ಬಂತು, ಪಾದ ಬಂತು, ಮುಖ ಬರಲಿಲ್ಲ. ಎಷ್ಟು ವರ್ಷ ಮೇಜಿನ ಮೇಲೆ ನಿಂತು ತಾನೇ ಆಗಿದ್ದವನ ಮುಖ ಒಂದು ತುಣುಕೂ ನೆನಪಾಗಲಿಲ್ಲ. ಮತ್ತೊಂದರ ಮುಖ ಮಾತ್ರ ಆಟೋದವನ ಕನ್ನಡಿಯಲ್ಲಿ ಬೆವರುತ್ತ ಕೂತಿತ್ತು.

ಹಲಸೂರಿನ ಪೇಟೆಬೀದಿಯಲ್ಲಿ ಯಾವುದೋ ಮೆರವಣಿಗೆ, ತಮಟೆ, ಹೂವಿನ ಪಲ್ಲಕ್ಕಿ. ಆಟೋ ನಿಂತಿತು. "ಅವಸರ ಮಾಡಿದ್ರೆ ಆಗಲ್ಲ ಗುರು, ಅಮ್ಮ ಹೋಗ್ಲಿ," ಎಂದು ಆಟೋದವನು ಕೈಮುಗಿದ. ಸಿದ್ಧಲಿಂಗೇಶನೂ ಕೈಮುಗಿದ. ಅಷ್ಟು ಹೊತ್ತಿಗೆ ಅವನಿಗೆ ಇನ್ನೊಂದು ಪ್ರಶ್ನೆ ಎದ್ದಿತ್ತು: ಅವಳಿಗೆ ಗೊತ್ತಿತ್ತಲ್ಲ? ಸಿಡಿಲಣ್ಣ ಇಲ್ಲವೆಂದು, ತಟ್ಟೆ ಬಡಿದರೆ ಏನು ಬರುತ್ತದೆಂದು ಮೇಜಿನ ಕೆಳಗೆ ಕೂತು ಎಲ್ಲ ಕೇಳಿದ್ದಳಲ್ಲ? ಗೊತ್ತಿದ್ದೂ ಹೋದಳೆಂದರೆ ಆ ಪುಟ್ಟ ಎದೆಯಲ್ಲಿ ಎಂಥ ಆಸೆ ಇದ್ದಿರಬೇಕು. ಒಂದು ವೇಳೆ, ಒಂದೇ ಒಂದು ವೇಳೆ ಸಿಡಿಲಣ್ಣನೇ ಬಂದರೆ, ಅಮ್ಮನನ್ನು ಕರೆತಾ ಎಂದು ಕೇಳಬಹುದು. ಅಪ್ಪನನ್ನು ಕೇಳಿ ಕೇಳಿ ಆಗಿತ್ತು. ದಿನಾ ಮಲಗುವಾಗ ಕೇಳುತ್ತಿದ್ದಳು, ದಿನಾ ಅವನು ಬರ್ತಾಳೆ, ನಾಳೆ ಬರ್ತಾಳೆ, ಸೋಮವಾರ ಬರ್ತಾಳೆ ಎನ್ನುತ್ತಿದ್ದ. ಎಸ್‌ಟಿಡಿ ಬೂತಿನ ಗಾಜಿನ ಗೂಡಿನಲ್ಲಿ ನಿಂತು ಗುಲ್ಬರ್ಗಕ್ಕೆ ಫೋನ್ ಮಾಡಿದಾಗ ರಾಜೇಶ್ವರಿ ಹೇಳಿದ್ದು ಬೇರೆ. "ನಾ ಬರಂಗಿಲ್ರಿ. ಕೂಸಿಗಿ ಸುಳ್ಳ ಹೇಳಬ್ಯಾಡ್ರಿ. ದಸರಾ ಸೂಟಿಗಿ ನಾನೇ ಅದಕ ಕರಸ್ಕೋತೀನಿ, ಆದ್ರ ನಾ ಅಲ್ಲಿಗಿ ಬರಂಗಿಲ್ಲ." ಗೂಡಿನಿಂದ ಹೊರಗೆ ಬಂದಾಗ ಸೃಷ್ಟಿ ಕಲ್ಲಿನ ಮೇಲೆ ಕೂತು ಕಾಲಾಡಿಸುತ್ತಿದ್ದಳು. ಅಮ್ಮ ಏನಂದ್ಲು? ಬರ್ತೀನಿ ಅಂದ್ಲು, ಎಂದಿದ್ದ. ಅವಳಿಗೆ ಐಸ್‌ಕ್ಯಾಂಡಿ ಕೊಡಿಸಿದ್ದ.

ಹಳೇ ಮದರಾಸು ರಸ್ತೆ, ಕಾರ್ಖಾನೆಯ ಉದ್ದ ಗೋಡೆ, ಕೊನೆಗೆ ರೈಲ್ವೆ ಗೇಟು. ಗೇಟು ಹಾಕಿತ್ತು. ಅವನು ಆಟೋದವನ ಕೈಗೆ ಸಿಕ್ಕಿದ್ದನ್ನು ತುರುಕಿ ಇಳಿದು ಓಡಿದ. ಅಷ್ಟರಲ್ಲಿ ಗೂಡ್ಸ್ ರೈಲು ಬಂದೇಬಿಟ್ಟಿತು. ಡಬ್ಬಿಯ ಹಿಂದೆ ಡಬ್ಬಿ, ಮುಗಿಯುವುದೇ ಇಲ್ಲವೆಂಬಂತೆ. ಡಬ್ಬಿಗಳ ನಡುವಿನ ಸಂದಿನಲ್ಲಿ ಆಚೆಯ ಬಯಲು ಕಂಡು ಮರೆಯಾಗುತ್ತಿತ್ತು. ಒಂದು ಸಂದಿನಲ್ಲಿ ಟ್ಯಾಂಕು. ಇನ್ನೊಂದು ಸಂದಿನಲ್ಲಿ ಟ್ಯಾಂಕಿನ ಮೇಲೆ ನೀಲಿ ಯೂನಿಫಾರಂ. ರೈಲಿನ ಸದ್ದು ತೆಳುವಾದಾಗ ತಟ್ಟೆಯ ಸದ್ದು ಕೇಳಿತು. ಠಣ್, ಠಣ್, ಠಣ್. ಅವಳು ಹೆದರಿ ಬಡಿಯುತ್ತಿರಲಿಲ್ಲ, ಶಾಲೆಯ ಗಂಟೆಯವನ ಹಾಗೆ ಬೇಸರವಿಲ್ಲದೆ ಬಡಿಯುತ್ತಿದ್ದಳು. ಅವನಿಗೆ ಅಳು ಬಂತು. ಕೊನೆಯ ಡಬ್ಬಿ ದಾಟಿದ ಕೂಡಲೇ ಹಳಿ ಹಾರಿ ಬಯಲಿಗೆ ಬಿದ್ದ.

ಸಿಮೆಂಟ್ ಪೈಪು ಅಲ್ಲೇ ಇತ್ತು. ಅವಳ ಶಾಲೆಯ ಬೂಟುಗಳನ್ನು ಜೋಡಿಸಿ ಇಟ್ಟಿದ್ದಳು, ದೇವಸ್ಥಾನದ ಹೊರಗೆ ಇಟ್ಟ ಹಾಗೆ. ಸಿದ್ಧಲಿಂಗೇಶ ಏಣಿ ಹಿಡಿದು ಹತ್ತತೊಡಗಿದ. ತುಕ್ಕು ಅಂಗೈಗೆ ಉದುರುತ್ತಿತ್ತು. ಅರ್ಧಕ್ಕಿಂತ ಮೇಲೆ ಬಂದಾಗ ಅವನ ಭಾರಕ್ಕೆ ಏಣಿ ಕಿರುಗುಟ್ಟಿತು. ತಟ್ಟೆಯ ಸದ್ದು ನಿಂತುಹೋಯಿತು.

ಆಗ ಅವನಿಗೆ ಅರ್ಥವಾಯಿತು. ಅವಳು ಕೇಳಿಸಿಕೊಂಡಿದ್ದಾಳೆ. ಅವಳಿಗೆ ಮುಂದಿನ ಚಿತ್ರ ಯಾವುದೆಂದು ಗೊತ್ತು. ಸಿಡಿಲಣ್ಣ ಏಣಿ ಹತ್ತಿ ಬರುವುದಿಲ್ಲ. ಹತ್ತಿ ಬರುವುದು ಯಾವುದು, ಅದರ ಮೂಗು ಹೇಗಿದೆ, ಅದರ ಕಾಲರು ಎಷ್ಟು ಕೊಳೆಯಾಗಿದೆ ಎಲ್ಲವನ್ನೂ ಅವನೇ ಅವಳಿಗೆ ಹೇಳಿ, ನಟಿಸಿ, ಬರೆಸಿ ತೋರಿಸಿದ್ದಾನೆ. ಹತ್ತಿದರೆ ಅವಳು ಹಿಂದಕ್ಕೆ ಸರಿಯುತ್ತಾಳೆ, ಹಿಂದೆ ಚಪ್ಪಡಿ ಮುಗಿಯುತ್ತದೆ. ಇಳಿದು ಯಾರನ್ನಾದರೂ ಕರೆಯೋಣವೆಂದರೆ ಬಯಲಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಅಷ್ಟರಲ್ಲಿ ಅವಳು ಏನು ಮಾಡಿಕೊಳ್ಳುತ್ತಾಳೋ. "ಪುಟ್ಟೀ," ಎಂದು ಮೆತ್ತಗೆ ಕರೆದ. ಕರೆದ ಮೇಲೆ ನಾಲಿಗೆ ಕಚ್ಚಿಕೊಂಡ, ಆ ಮೆತ್ತನೆಯ ದನಿಯೂ ಅದರದೇ. ಮೇಲೆ ಕಾಲು ಸರಿದ ಸದ್ದಾಯಿತು. ಇನ್ನೆರಡು ಮೆಟ್ಟಿಲು ಹತ್ತಿ ಅವನು ತಲೆಯನ್ನಷ್ಟೇ ಮೇಲೆತ್ತಿ ನಿಂತ.

ಸೃಷ್ಟಿ ಚಪ್ಪಡಿಯ ಆಚೆ ಅಂಚಿನ ಹತ್ತಿರ ಕೂತಿದ್ದಳು. ತಟ್ಟೆಯನ್ನು ಎದೆಗೆ ಅವುಚಿಕೊಂಡಿದ್ದಳು. ಅವಳ ಬೆನ್ನ ಹಿಂದೆ ಬರೀ ಗಾಳಿ, ದೂರದಲ್ಲಿ ರೈಲು ನಿಲ್ದಾಣದ ತಗಡಿನ ಮಾಡು. ಅವನನ್ನು ನೋಡಿ ಅವಳು ಕಿರುಚಲಿಲ್ಲ. ಅವಳನ್ನು ಸಮಾಧಾನ ಮಾಡಲೆಂದು ಸಿದ್ಧಲಿಂಗೇಶ ನಕ್ಕ.

"ನಗ್ಬೇಡ!" ಎಂದು ಚೀರಿದಳು.

ಅವನು ನಗುವುದನ್ನು ನಿಲ್ಲಿಸಲು ನೋಡಿದ, ಮುಖ ಎಲ್ಲಿ ನಿಲ್ಲಬೇಕೆಂದು ತಿಳಿಯಲಿಲ್ಲ. "ನಾನು ಅಪ್ಪ ಕಣೇ."

"ಅದೂ ಹಂಗೇ ಅನ್ನುತ್ತೆ. ನೀನೇ ಹೇಳಿದ್ಯಲ್ಲ ಪಾಷಾ ಅಂಕಲ್‌ಗೆ."

"ಅದು ಸುಮ್ನೆ ಕತೆ ಪುಟ್ಟಿ."

"ಮೇಲೆ ಬರ್ಬೇಡ."

"ಆಯ್ತು," ಎಂದ.

ಅವಳು ಒಂದು ಗೇಣು ಹಿಂದಕ್ಕೆ ಸರಿದಳು. ತಟ್ಟೆ ಕೈಜಾರಿ ಅಂಚಿನಿಂದ ಆಚೆ ಬಿತ್ತು. ಅದು ಕೆಳಗೆ ಬಿದ್ದ ಸದ್ದು ಕೇಳಲು ಇಬ್ಬರೂ ಕಾದರು, ಅದು ಬಹಳ ತಡವಾಗಿ ಬಂತು. ಆ ಸದ್ದಿಗೆ ಜಟ್ಟೆಮ್ಮ ಓಡಿ ಬಂದಿರಬೇಕು, "ಅಯ್ಯ ಯವ್ವಾ! ಕೂಸೇ!" ಎಂಬ ಕೂಗು ಕೆಳಗಿನಿಂದ ಎದ್ದಿತು. ಸಿದ್ಧಲಿಂಗೇಶ ತಿರುಗಿ ನೋಡದೆ ಒಂದು ಕೈಯನ್ನು ಕೆಳಗೆ ಬೀಸಿ ಸುಮ್ಮನಿರು ಎಂದು ಸನ್ನೆ ಮಾಡಿದ. ಆಯ್ತು ಎಂಬ ಒಂದು ಮಾತು ಇನ್ನೊಮ್ಮೆ ಬಾಯಿಂದ ಬಿದ್ದರೆ ಮಗಳು ಹೋಗುತ್ತಾಳೆ. ಇಷ್ಟು ಸರಳವಾಗಿ, ಇಷ್ಟು ಸ್ಪಷ್ಟವಾಗಿ ಅವನಿಗೆ ಬದುಕಿನಲ್ಲಿ ಯಾವುದೂ ತಿಳಿದಿರಲಿಲ್ಲ. ಹಲ್ಲು ಕಚ್ಚಿ ಕಾದ.

ಅವಳು ಅವನ ಮುಖವನ್ನೇ ನೋಡುತ್ತಿದ್ದಳು, ಆ ದಿನ ಹಾಳೆಯನ್ನು ನೋಡಿದ ಹಾಗೆ. ಆಮೇಲೆ, ಹೋಂವರ್ಕು ಒಪ್ಪಿಸುವ ದನಿಯಲ್ಲಿ ಕೇಳಿದಳು: "ನಾಳೆ ನನ್ನ ಕಬ್ಬನ್ ಪಾರ್ಕಿಗೆ ಕರ್ಕೊಂಡ್ ಹೋಗ್ತೀಯಾ?"

ಎಷ್ಟೋ ಭಾನುವಾರಗಳಿಂದ ಆಯ್ತು, ಆಯ್ತು ಎನ್ನುತ್ತ ಕರೆದೊಯ್ಯದೇ ಉಳಿದ ಪಾರ್ಕು. ಅವನ ತುಟಿಯ ಮೇಲೆ ಆಯ್ತು ಬಂದು ನಿಂತಿತ್ತು. "ಇಲ್ಲ," ಎಂದ. "ನಾಳೆ ಕೆಲ್ಸ ಇದೆ. ಮುಖಪುಟ ಮುಗಿದಿಲ್ಲ."

ಅವಳ ಹುಬ್ಬು ಸ್ವಲ್ಪ ಸಡಿಲಾಯಿತು. "ಸಿಡಿಲಣ್ಣ ಬರ್ತಾನಾ?"

"ಇಲ್ಲ."

"ಯಾವತ್ತೂ?"

"ಅವನು ಇರ್ಲೇ ಇಲ್ಲ ಕಣೆ. ನಾನು ಹೇಳ್ತಿದ್ದೆ, ಪಾಷಾ ಅಂಕಲ್ ಬರೀತಿದ್ರು. ಅಷ್ಟೇ."

ಇದನ್ನು ಅವಳು ಒಪ್ಪಿದಳೋ ಇಲ್ಲವೋ, ಒಂದಿಷ್ಟು ಹೊತ್ತು ಚಪ್ಪಡಿಯ ಮೇಲಿನ ಒಣಗಿದ ಹಾವಸೆಯನ್ನು ಉಗುರಿನಿಂದ ಕೆರೆದಳು. ಗಾಳಿ ಅವಳ ಲಂಗವನ್ನು ಉಬ್ಬಿಸಿ ಇಳಿಸುತ್ತಿತ್ತು. ಕೊನೆಗೆ ತಲೆಯೆತ್ತಿದಳು. ಯಾವ ಪ್ರಶ್ನೆ ಬರುತ್ತದೆಂದು ಅವನಿಗೆ ಆಗಲೇ ಗೊತ್ತಾಗಿತ್ತು.

"ಅಮ್ಮನ್ನ ಕರ್ಕೊಂಡ್ ಬರ್ತೀಯಾ?"

ಸಿದ್ಧಲಿಂಗೇಶ ಏಣಿಯನ್ನು ಬಿಗಿಯಾಗಿ ಹಿಡಿದ. ಹೂಂ ಎಂದರೆ ತಾನು ಅದೇ ಆಗುತ್ತೇನೆ, ಅವಳು ಹಿಂದಕ್ಕೆ ಸರಿಯುತ್ತಾಳೆ, ಇನ್ನು ಸರಿಯಲು ಜಾಗವಿಲ್ಲ. ಇಲ್ಲ ಎಂದರೆ? ತಾಯಿ ಬರುವುದಿಲ್ಲವೆಂದು ತಿಳಿದ ಮಗು ಆ ಅಂಚಿನಲ್ಲಿ ಕೈ ಊರಿಕೊಂಡು ಕೂತಿರುತ್ತದೆಂದು ಯಾರು ಹೇಳಿದರು? ಹಾವು, ಕೋಲು. ಒಂದು ಸಾಯಲೇಬೇಕು, ಇಲ್ಲ ಮುರಿಯಲೇಬೇಕು. ರಾಜೇಶ್ವರಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ಹೀಗೇ ಕಾಯುತ್ತಿದ್ದಳಲ್ಲವೇ, ಅವನ ಬಾಯಿಂದ ಯಾವುದಾದರೂ ಒಂದು ಮಾತು, ಬೈಗುಳವಾದರೂ ಸರಿ, ನಿಜವಾದದ್ದು ಬರಲಿ ಎಂದು. ಅವಳೂ ಒಂದು ಅಂಚಿನಲ್ಲಿಯೇ ನಿಂತಿದ್ದಳೇ? ಅವನು ಅಂದು ತಲೆಯಾಡಿಸಿ ಪೇಪರ್ ತಿರುವಿದ್ದ. ಈಗ ತಿರುವಲು ಕೈಯಲ್ಲಿ ಏನೂ ಇರಲಿಲ್ಲ. ಮಾತು ಊರಿನದೇ ಬಂತು, ಅವಳ ಅಮ್ಮನ ಮಾತು.

"ಇಲ್ಲವ್ವ. ಅಮ್ಮ ಬರಂಗಿಲ್ಲ. ಫೋನಿನ್ಯಾಗ ಬರಂಗಿಲ್ಲ ಅಂದಾಳ. ನಿನ್ನ ಮ್ಯಾಲ ಸಿಟ್ಟಿಲ್ಲ, ನಿನಗ ದಸರಾ ಸೂಟಿಗಿ ಕರಸ್ಕೋತೀನಿ ಅಂದಾಳ. ನನ್ನ ಮ್ಯಾಲ ಸಿಟ್ಟು. ಆಕಿ ಇಲ್ಲಿಗಿ ಬರಂಗಿಲ್ಲ."

ಸೃಷ್ಟಿ ಅಲ್ಲಾಡಲಿಲ್ಲ. ಅವಳ ಕೆಳತುಟಿ ಮೊದಲು ಮುಂದೆ ಬಂತು, ಆಮೇಲೆ ಮುಖವೆಲ್ಲ ಒಟ್ಟಿಗೆ ಕುಸಿಯಿತು, ಹುಟ್ಟಿದ ದಿನ ಆಸ್ಪತ್ರೆಯಲ್ಲಿ ನೋಡಿದ್ದ ಅದೇ ಕೆಂಪು ಸುಕ್ಕು ಮುಖ. "ಅಪ್ಪಾ," ಎಂದು ದೊಡ್ಡದಾಗಿ ಅತ್ತಳು. ಅಳುತ್ತಲೇ ಮಂಡಿಯೂರಿ, ಅಂಬೆಗಾಲಿಡುತ್ತ ಚಪ್ಪಡಿಯನ್ನು ದಾಟಿ ಬಂದಳು. ಅವನು ಒಂದು ಕೈಯಿಂದ ಏಣಿ ಹಿಡಿದು ಇನ್ನೊಂದನ್ನು ಚಾಚಿ ಅವಳ ಯೂನಿಫಾರಮಿನ ಬೆನ್ನನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. ಅವಳ ಕೂದಲಲ್ಲಿ ಬಿಸಿಲಿನ ವಾಸನೆ, ತುಕ್ಕಿನ ವಾಸನೆ. ಕೆಳಗೆ ಜಟ್ಟೆಮ್ಮ ತಮ್ಮ ಕಡೆಯ ದೇವರು ಶರಣಬಸಪ್ಪನನ್ನು ಕೂಗುತ್ತಿದ್ದಳು. ನನ್ನನ್ನು ಗುರುತು ಹಿಡಿದಳು, ಎಂದುಕೊಂಡ ಸಿದ್ಧಲಿಂಗೇಶ. ಅವನಿಗೆ ನಾಚಿಕೆಯಾಗುವಷ್ಟು ಸಂತೋಷವಾಯಿತು.

ಅವಳನ್ನು ಎದೆಗೆ ಅಂಟಿಸಿಕೊಂಡು, ಕತ್ತು ಬಿಗಿಯಾಗಿ ಹಿಡ್ಕೋ ಎಂದು ಹೇಳಿ ಒಂದೊಂದೇ ಮೆಟ್ಟಿಲು ಇಳಿಯತೊಡಗಿದ. ಅವಳ ಅಳು ಬಿಕ್ಕಳಿಕೆಗೆ ಇಳಿದಿತ್ತು. ಕಣ್ಣೀರು, ಸಿಂಬಳ ಎಲ್ಲ ಅವನ ಕಾಲರಿಗೆ ಒರೆಸಿದಳು. ಅರ್ಧ ದಾರಿಗೆ ಬಂದಾಗ ಸುಮ್ಮನಾದಳು. ಏನೋ ಯೋಚಿಸುತ್ತಿದ್ದಾಳೆ ಎಂದು ಅವಳ ಉಸಿರಿನಿಂದಲೇ ಅವನಿಗೆ ಗೊತ್ತಾಯಿತು. ಆಮೇಲೆ ಅವನ ಕಿವಿಯಲ್ಲಿ, ಯಾರಿಗೂ ಕೇಳಿಸಬಾರದೆಂಬಂತೆ ಕೇಳಿದಳು.

"ಅಪ್ಪಾ, ಹಂಗಾದ್ರೆ ದಿನಾ ಮಲಗೋವಾಗ ಬಂದು ಅಮ್ಮ ಬರ್ತಾಳೆ, ಅಮ್ಮ ಬರ್ತಾಳೆ ಅಂತಿದ್ನಲ್ಲ, ಅವ್ನು ಯಾರು?"

ಏಣಿ ಕಿರುಗುಟ್ಟಿತು. ಸಿದ್ಧಲಿಂಗೇಶ ನಿಂತ.

"ನಾನೇ," ಎಂದ.

ಕತ್ತು ಸುತ್ತಿದ್ದ ಕೈಗಳು ಸಡಿಲವಾದವು. ಅವಳು ತಲೆ ಹಿಂದಕ್ಕೆ ಎಳೆದುಕೊಂಡು ಅವನನ್ನು ನೋಡಿದಳು, ಆಮೇಲೆ ಕೆಳಗೆ ನೋಡಿದಳು. ನೆಲ ಇನ್ನೂ ದೂರವಿತ್ತು. ಮತ್ತೆ ಹಿಡಿದುಕೊಂಡಳು.